ಡಿಮ್ಯಾಟ್ ಆಫೀಸಿಗೆ ಹೋಗಿ ಬರ್ತೀನಿ

ಕಣ್ಣಿಗೆ ಕಾಣದ ವಸ್ತುವನ್ನು ಇದೆ ಎಂದು ಜನರಿಗೆ ನಂಬಿಸುವುದು ನನ್ನ ಕೆಲಸವಾಗಿತ್ತು. ಹೀಗೆಂದರೆ ನಾನು ಮಾಟಗಾತಿಯೋ ರಾಜಕಾರಣಿಯೋ ಇರಬೇಕು ಎಂದು ನಿಮಗೆ ಅನುಮಾನ ಬರಬಹುದು. ಎರಡೂ ಅಲ್ಲ. ಮೈಸೂರಿನ ಒಂದು ಷೇರು ದಲ್ಲಾಳಿ ಕಚೇರಿಯಲ್ಲಿ ಡಿಮ್ಯಾಟ್ ಕೌಂಟರಿನ ಹಿಂದೆ ಕೂತು ಕೂದಲು ನರೆಸಿಕೊಂಡವಳು. ಡಿಮ್ಯಾಟ್ ಎಂದರೆ ಮತ್ತೇನಿಲ್ಲ, ಷೇರನ್ನು ಕಾಗದದಿಂದ ಬಿಡಿಸಿ ಕಂಪ್ಯೂಟರಿನ ಲೆಕ್ಕದಲ್ಲಿ ಕೂರಿಸುವುದು. ಕಾಗದ ಹೋಗುತ್ತದೆ, ಷೇರು ಉಳಿಯುತ್ತದೆ. ಹೇಳುವುದು ಸುಲಭ. ನಮ್ಮೂರಿನ ಜನ ಕಾಣದ್ದನ್ನು ನಂಬುವುದು ದೇವರ ವಿಷಯದಲ್ಲಿ ಮಾತ್ರ, ಅದಕ್ಕೂ ಒಂದು ವಿಗ್ರಹ ಬೇಕು.

ಈಗ ಈ ಕೆಲಸಕ್ಕೆ ಸೇರುವ ಹುಡುಗರು ಎಲ್ಲಾದರೂ ಸಿಕ್ಕಿದರೆ "ಮೇಡಂ, ನಿಮ್ಮ ಅನುಭವ ಹೇಳಿ" ಎನ್ನುತ್ತಾರೆ. ಹೇಳಿದರೆ ಮೊಬೈಲು ನೋಡಲು ಶುರು ಮಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ, ಬರೆದದ್ದು ಅವರು ಬೇರೆ ಕಡೆ ನೋಡಿದರೂ ನಿಲ್ಲುವುದಿಲ್ಲ. ಬಡ್ತಿಯ ವಿಷಯ ಬಿಟ್ಟುಬಿಡುತ್ತೇನೆ. ಬಡ್ತಿ ಬಂದಾಗಲೆಲ್ಲ ನನ್ನ ಕುರ್ಚಿ ಬದಲಾಯಿತು, ಆದರೆ ಪ್ರತಿ ಕುರ್ಚಿಯೂ ಹಿಂದಿನದರ ಹಾಗೆಯೇ ಒಂದು ಕಾಲು ಅಲ್ಲಾಡುವುದೇ ಆಗಿತ್ತು.

ನಮ್ಮ ಕಚೇರಿ ಮಂಡಿ ಮೊಹಲ್ಲಾದ ಅಂಚಿನಲ್ಲಿ ಒಂದು ಹಳೆಯ ಕಟ್ಟಡದ ಮಹಡಿ ಮೇಲಿತ್ತು. ಕೆಳಗೆ ಒಣಮೆಣಸಿನಕಾಯಿಯ ಸಗಟು ಅಂಗಡಿ. ಮೆಟ್ಟಿಲು ಹತ್ತುವ ಪ್ರತಿಯೊಬ್ಬ ಗಿರಾಕಿಯೂ ಸೀನಿಕೊಂಡೇ ಮೇಲೆ ಬರುತ್ತಿದ್ದ. ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂದು ನಿಮಗೂ ಗೊತ್ತು. ಒಂದೇ ಸೀನು ಬಂದವರು ಷೇರು ಮಾರದೆ ಮೆಟ್ಟಿಲಿನಿಂದಲೇ ವಾಪಸು ಹೋದದ್ದೂ ಉಂಟು. ಆಗೆಲ್ಲ ನಮ್ಮ ಮ್ಯಾನೇಜರು ವೆಂಕೋಬ ರಾಯರು ಬಾಗಿಲ ಬಳಿ ಹೋಗಿ, "ಸ್ವಲ್ಪ ಕೆಳಗಿಳಿದು ಇನ್ನೊಂದು ಸೀನು ತಗೊಂಡು ಬನ್ನಿ ಸ್ವಾಮಿ" ಎಂದು ಕೂಗುತ್ತಿದ್ದರು.

ರಾಯರ ಬಗ್ಗೆ ಒಂದು ಮಾತು ಹೇಳಬೇಕು. ಅವರಿಗೆ ಜೀವನದಲ್ಲಿ ಪ್ರೀತಿ ಇದ್ದದ್ದು ಎರಡರ ಮೇಲೆ, ಸುತ್ತೋಲೆ ಮತ್ತು ಸೆಟ್ ದೋಸೆ. ಮೇಲಿನಿಂದ ಸುತ್ತೋಲೆ ಬಂದ ದಿನ ಅವರು ಎದ್ದು ನಿಂತು ಓದುತ್ತಿದ್ದರು, ನಾವೂ ನಿಂತುಕೊಂಡು ಕೇಳಬೇಕಿತ್ತು. ಹಳೆಯ ಸುತ್ತೋಲೆಯನ್ನು ಹೊಸದು ತಳ್ಳಿಹಾಕಿದರೆ ಅವರಿಗೆ ಮನೆಯಲ್ಲಿ ಸಾವಾದಷ್ಟು ಬೇಸರ. "ನಿನ್ನೆ ತನಕ ಇದೇ ಸತ್ಯ ಅಂತ ಜನಕ್ಕೆ ಹೇಳಿದ್ದೆನಲ್ಲೇ ಸುಮಿತ್ರಾ, ಇವತ್ತು ಯಾವ ಮುಖ ಇಟ್ಕೊಂಡು ಕೂತ್ಕೊಳ್ಳಲಿ?" ಎಂದು ನನ್ನನ್ನು ಕೇಳುತ್ತಿದ್ದರು. "ಅದೇ ಮುಖ ಸಾರ್, ಬೇರೆ ಎಲ್ಲಿದೆ?" ಎಂದು ನಾನು ಹೇಳುತ್ತಿದ್ದೆ. ಆ ದಿನ ನನಗೆ ರಜೆ ಸಿಗುತ್ತಿರಲಿಲ್ಲ.

ಕಾಗದದ ಷೇರುಗಳನ್ನು ಡಿಮ್ಯಾಟ್‌ಗೆ ತರಲು ಜನ ಸಾಲುಗಟ್ಟಿದ್ದ ಕಾಲದಲ್ಲಿ ನಮ್ಮಲ್ಲಿಗೆ ಬಂದವರು ಪುಟ್ಟಬಸಪ್ಪನವರು. ಮಂಡಿ ಮೊಹಲ್ಲಾದಲ್ಲಿ ಗೋಣಿಚೀಲ, ಹಗ್ಗದ ಅಂಗಡಿ. ಹಣೆಯಲ್ಲಿ ವಿಭೂತಿ, ಕಿಸೆಯಲ್ಲಿ ನಶ್ಯದ ಡಬ್ಬಿ. ಮೆಣಸಿನಕಾಯಿಯ ಘಾಟಿಗೆ ಸೀನದ ಏಕೈಕ ಗಿರಾಕಿ ಅವರೇ, ನಶ್ಯ ಏರಿಸಿ ಏರಿಸಿ ಅವರ ಮೂಗು ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಅಂಗಡಿ ಬಾಡಿಗೆಯದು, ಮನೆ ಚಿಕ್ಕದು, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಆಯುಸ್ಸಿನಲ್ಲಿ ಉಳಿಸಿದ್ದನ್ನೆಲ್ಲ ಷೇರಿಗೆ ಹಾಕಿದ್ದರು. ಅವುಗಳ ಸರ್ಟಿಫಿಕೇಟುಗಳನ್ನು ಒಂದು ಹೊಸ ಗೋಣಿಚೀಲದಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲೆ ಸುರಿದರು. ನೋಡಿದರೆ ಎಲ್ಲಕ್ಕೂ ಲ್ಯಾಮಿನೇಷನ್!

"ಇದೇನು ಯಜಮಾನ್ರೇ?" ಎಂದೆ.

"ಅಂಗಡೀಲಿ ಇಲಿ ಕಾಟ ಕಣಮ್ಮ. ಜಿರಲೆ ಬ್ಯಾರೆ. ಪ್ರತಿ ದೀಪಾವಳೀಲಿ ಪೂಜೆಗಿಟ್ಟು ಅರಿಶಿನ ಕುಂಕುಮ ಬಿದ್ದು ಬಣ್ಣ ಬ್ಯಾರೆ ಹತ್ಬುಟ್ಟಿತ್ತು. ಅದಕ್ಕೇ ಪ್ಲಾಸ್ಟಿಕ್ ಹೊದಿಸ್ಬುಟ್ಟೆ. ಇನ್ನು ನೂರು ವರ್ಷ ಏನೂ ಆಗಲ್ಲ."

ನಮಗೆ ಬೇಕಿದ್ದದ್ದು ಅದಕ್ಕೆ ಏನಾದರೂ ಆಗುವುದೇ. ಡಿಮ್ಯಾಟ್‌ಗೆ ಕಳಿಸುವ ಸರ್ಟಿಫಿಕೇಟಿನ ಮೇಲೆ 'ಒಪ್ಪಿಸಲಾಗಿದೆ' ಎಂಬ ಮೊಹರು ಒತ್ತಿ, ತೂತು ಹೊಡೆದು, ಇನ್ನು ಬಳಕೆಗೆ ಬಾರದ ಹಾಗೆ ಮಾಡಬೇಕು. ಮೊಹರು ಒತ್ತಿದೆ. ಪ್ಲಾಸ್ಟಿಕ್ಕಿನ ಮೇಲೆ ಶಾಯಿ ನಿಲ್ಲಲಿಲ್ಲ, ರಾಯರು ಬೆರಳಿಟ್ಟು ನೋಡಿದಾಗ ಮೊಹರೆಲ್ಲ ಬೆರಳಿಗೇ ಬಂತು. ಫ್ಯಾನಿನ ಕೆಳಗಿಟ್ಟೆವು. ರಾಯರು ಬಾಯಿಂದ ಊದಿ ಊದಿ ಹೇಗೋ ಒಣಗಿಸಿದರು. ತೂತು ಹೊಡೆಯುವ ಪಂಚಿಂಗ್ ಯಂತ್ರ ಎರಡು ಸರ್ಟಿಫಿಕೇಟಿಗೇ ಸ್ಪ್ರಿಂಗ್ ಕಳಚಿಕೊಂಡು ಕೂತಿತು. ಕೊನೆಗೆ ಪುಟ್ಟಬಸಪ್ಪನವರೇ ಅಂಗಡಿಗೆ ಹೋಗಿ ಗೋಣಿಚೀಲ ಹೊಲಿಯುವ ದಬ್ಬಳ ತಂದರು. ಒಂದೊಂದೇ ಸರ್ಟಿಫಿಕೇಟನ್ನು ತೊಡೆಯ ಮೇಲಿಟ್ಟುಕೊಂಡು ಚುಚ್ಚಿದರು. ಪ್ರತಿ ಚುಚ್ಚಿಗೂ "ಶಿವ ಶಿವಾ" ಎನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ, "ಲಕ್ಷ್ಮಿಗೆ ಕಿವಿ ಚುಚ್ಚಿದಂಗಾಯ್ತು ಬುಡಿ" ಎಂದು ತಾವೇ ಸಮಾಧಾನ ಮಾಡಿಕೊಂಡರು.

ಷೇರುಗಳು ಖಾತೆಗೆ ಬಂದವು. ಮರುದಿನವೇ ಅವರು ಹಾಜರು.

"ಅಲ್ಲ ಸುಮಿತ್ರಮ್ಮ, ಕಾಗದ ಹೋಯ್ತು. ನಾಳೆ ಸರ್ಕಾರ ಇನ್ನೊಂದು ಕಾನೂನು ಮಾಡ್ತದೆ. ಆಗ ನಂದು ನಂದೇ ಅಂತ ಹೇಳೋರ್ಯಾರು?"

ಹುಡುಗರೇ, ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಕಾನೂನು ಬದಲಾದಾಗಲೆಲ್ಲ ಕೌಂಟರಿನ ಆಚೆ ಬದಿಯಿಂದ ಬರುವ ಪ್ರಶ್ನೆ ಇದೊಂದೇ. ಕಾಗದದ ಷೇರು ಮಾರಲು ಬರುವುದಿಲ್ಲ ಎಂಬ ನಿಯಮ ಬಂದಾಗಲೂ ಇದೇ ಪ್ರಶ್ನೆ, ನಾಮಿನಿ ಹಾಕದಿದ್ದರೆ ಖಾತೆ ತಡೆಹಿಡಿಯುತ್ತಾರಂತೆ ಎಂಬ ಸುದ್ದಿ ಹಬ್ಬಿದಾಗಲೂ ಇದೇ ಪ್ರಶ್ನೆ. ಉತ್ತರವೂ ಹೆಚ್ಚುಕಡಿಮೆ ಒಂದೇ. ನಿಮ್ಮದು ನಿಮ್ಮದೇ. ಅದನ್ನು ಮಾರುವ, ಕೊಡುವ, ದಾಟಿಸುವ ದಾರಿ ಬದಲಾಗುತ್ತದೆ ಅಷ್ಟೆ. ನಾನು ಹಾಗೆಯೇ ಹೇಳಿದೆ.

"ಸರಿ, ಈ ದೀಪಾವಳೀಲಿ ಕುಂಕುಮ ಯಾವುದಕ್ಕೆ ಇಡ್ಲಿ?"

ಅದಕ್ಕೆ ಯಾವ ಸುತ್ತೋಲೆಯಲ್ಲೂ ಉತ್ತರ ಇರಲಿಲ್ಲ. ನಾನು ಅವರ ಖಾತೆಯ ವಿವರ ಪಟ್ಟಿಯನ್ನು ಪ್ರಿಂಟ್ ತೆಗೆದುಕೊಟ್ಟೆ. ಹಬ್ಬ ಕಳೆದು ಬಂದಾಗ ಹೆಮ್ಮೆಯಿಂದ ತೋರಿಸಿದರು. ಅದಕ್ಕೂ ಲ್ಯಾಮಿನೇಷನ್ ಮಾಡಿಸಿದ್ದರು.

ನಾಮಿನಿಯ ತಮಾಷೆ ಇನ್ನೊಂದು ಬಗೆಯದು. ಖಾತೆದಾರ ತೀರಿಕೊಂಡರೆ ಷೇರು ಯಾರ ಕೈಗೆ ಕೊಡಬೇಕು ಎಂದು ಮೊದಲೇ ಬರೆದಿಡುವ ಹೆಸರು ನಾಮಿನಿ. ಸಾವಿನ ವಿಷಯ ಅದು, ಆದರೆ ಮೈಸೂರಿನ ಮನೆಗಳಲ್ಲಿ ಅದು ಪ್ರೀತಿಯ ವಿಷಯವಾಯಿತು. ಒಬ್ಬರು ನಿವೃತ್ತ ಮೇಷ್ಟರು ಬಂದು ಹೆಂಡತಿಯ ಹೆಸರು ತೆಗೆಸಿ ತಮ್ಮನ ಹೆಸರು ಹಾಕಿಸಿದರು, "ಮನೆಯವಳಿಗೆ ಹೇಳ್ಬೇಡಿ" ಎಂದರು. ಅದೇ ವಾರ ಅವರ ಮನೆಯವರು ತಮ್ಮ ಖಾತೆಯಿಂದ ಗಂಡನ ಹೆಸರು ತೆಗೆಸಿ ಅಕ್ಕನ ಹೆಸರು ಹಾಕಿಸಿ, "ಯಜಮಾನ್ರಿಗೆ ಗೊತ್ತಾಗೋದು ಬೇಡ ಕಣ್ರೀ" ಎಂದರು. ಅವರಿಬ್ಬರೂ ಸಂಜೆ ಕೈ ಕೈ ಹಿಡಿದು ವಾಕಿಂಗ್ ಹೋಗುವುದನ್ನು ನಾನು ಕುಂಬಾರಕೊಪ್ಪಲಿನ ನಮ್ಮ ಮನೆಯ ಜಗಲಿಯಿಂದಲೇ ನೋಡುತ್ತಿದ್ದೆ. ನೋಡಿದಾಗಲೆಲ್ಲ ನಮಸ್ಕಾರ ಮಾಡುತ್ತಿದ್ದೆ.

ಆಗೆಲ್ಲ ನಾಮಿನಿ ಎಂದರೆ ಮಾಲೀಕನೇ ಎಂದು ರಾಯರು ಹೇಳಿಕೊಡುತ್ತಿದ್ದರು. ಅವರ ತಪ್ಪೇನೂ ಇಲ್ಲ. ಕಾನೂನಿನ ಮಾತು ಹಾಗೆ ಕೇಳಿಸುತ್ತಿತ್ತು, ಒಂದು ರಾಜ್ಯದ ನ್ಯಾಯಾಲಯವೂ ಹಾಗೆಯೇ ಓದಿತ್ತು. ಖಾತೆದಾರ ಹೋದರೆ ಷೇರೆಲ್ಲ ನಾಮಿನಿಗೆ, ಉಳಿದ ಮಕ್ಕಳು ಬಾಯಿ ಬಡಿದುಕೊಂಡರೂ ಇಲ್ಲ. ಪುಟ್ಟಬಸಪ್ಪನವರು ಇದನ್ನು ಕೇಳಿಕೊಂಡು ತಮ್ಮ ಮಗ ಮಲ್ಲಿಕಾರ್ಜುನನ ಹೆಸರು ಬರೆಸಿದ್ದರು.

"ಇನ್ನೂ ಮಕ್ಕಳಿದ್ದಾರಾ ಯಜಮಾನ್ರೇ?" ಎಂದು ಕೇಳಿದ್ದೆ.

"ಒಬ್ಬಳು ಮಗಳಿದ್ಲು" ಎಂದಿದ್ದರು. ತೀರಿಕೊಂಡಿರಬೇಕು ಎಂದುಕೊಂಡು ನಾನು ಅರ್ಜಿಗೆ ಮೊಹರು ಒತ್ತಿದೆ.

ಅವರು ಪ್ರತಿ ತಿಂಗಳ ಮೊದಲ ಸೋಮವಾರ ಬರುತ್ತಿದ್ದರು. ಹೆಗಲ ಮೇಲೊಂದು ಗೋಣಿಚೀಲ. "ಎಂಗವ್ರೆ ನಮ್ಮ ಷೇರುಗಳು, ಆರಾಮಾ?" ಎಂದು ನೆಂಟರನ್ನು ವಿಚಾರಿಸಿದಂತೆ ವಿಚಾರಿಸುತ್ತಿದ್ದರು. ಚೀಲವನ್ನು ನನ್ನ ಕೌಂಟರಿನ ಕೆಳಗಿಟ್ಟು ಐದು ನಿಮಿಷ ಕೂರುತ್ತಿದ್ದರು, ನೀರು ಕುಡಿಯುತ್ತಿದ್ದರು, ಎದ್ದು ಹೋಗುತ್ತಿದ್ದರು. ಷೇರು ಏರಿದೆಯೋ ಇಳಿದಿದೆಯೋ ಎಂದು ಒಮ್ಮೆಯೂ ಕೇಳಿದವರಲ್ಲ. ಇಂಥ ಗಿರಾಕಿ ಮೇಲೆ ನನಗೆ ಅನುಮಾನ ಬರದೆ ಇರುತ್ತದೆಯೇ?

ಒಂದು ಗೌರಿ ಹಬ್ಬದ ಹಿಂದುಮುಂದಿನ ದಿನ. ಚೀಲವನ್ನು ಕೆಳಗಿಡುವಾಗ ಒಳಗಿಂದ ಗಾಜಿನ ಬಳೆಯ ಸದ್ದು ಕೇಳಿಸಿತು.

"ಯಜಮಾನ್ರೇ, ಹಗ್ಗದ ವ್ಯಾಪಾರ ಬಿಟ್ಟು ಬಳೆ ವ್ಯಾಪಾರ ಶುರು ಮಾಡಿದ್ರಾ?"

ಅವರು ನಶ್ಯದ ಡಬ್ಬಿ ತೆಗೆದರು, ಮುಚ್ಚಿದರು. ಆಮೇಲೆ ಚೀಲದ ಬಾಯಿ ಬಿಚ್ಚಿ ತೋರಿಸಿದರು. ಒಳಗೆ ಜೋಡಿ ಮೊರ, ಅದರಲ್ಲಿ ಬಳೆ, ಅರಿಶಿನ ಕುಂಕುಮ, ಬೆಲ್ಲ, ಬೇಳೆ, ರವಿಕೆ ಕಣ. ತವರಿನವರು ಹೆಣ್ಣುಮಗಳಿಗೆ ಒಯ್ದುಕೊಡುವ ಗೌರಿ ಬಾಗಿನ.

"ಗಿರಿಜಾ ಅಂತ ಕಣಮ್ಮ. ಹಿನಕಲ್ಲಲ್ಲಿದಾಳೆ. ಗೌಡ್ರ ಹುಡುಗನ್ನ ಮದ್ವೆ ಆದ್ಲು. ನಮ್ಮೋರಲ್ಲ, ನಮ್ಮ ಅಡುಗೆಯಲ್ಲ. ಆವತ್ತು ಅವಳಣ್ಣ ಮಲ್ಲಿ ಹತ್ತು ಜನರ ಮುಂದೆ, ಹೆಂಡತಿ ಮನೆಯೋರ ಮುಂದೆ, 'ನನಗೆ ತಂಗಿ ಇಲ್ಲ, ಸತ್ಲು' ಅಂದ್ಬುಟ್ಟ. ನಾನೂ ತಲೆ ತಗ್ಗಿಸ್ಕೊಂಡು ಕೂತಿದ್ದೆ. ಮಾತು ಆಡಿದೋನು ಅವನು, ಸುಮ್ನಿದ್ದೋನು ನಾನು. ಯಾರದು ಹೆಚ್ಚು ತಪ್ಪು ಅಂತ ಇನ್ನೂ ಲೆಕ್ಕ ಸಿಕ್ಕಿಲ್ಲ."

"ಮನೇಲಿ ಏನಂತ ಹೇಳಿ ಬರ್ತೀರಿ?"

"ಡಿಮ್ಯಾಟ್ ಆಫೀಸಿಗೆ ಹೋಗಿ ಬರ್ತೀನಿ ಅಂತೀನಿ. ಅದೇನು ಅಂತ ಮನೇಲಿ ಯಾರಿಗೂ ಗೊತ್ತಿಲ್ಲ. ಇಡೀ ದಿನ ಬೇಕಾಗೋ ಕೆಲಸ ಅಂತ ಹೇಳಿವ್ನಿ. ಸುಳ್ಳಾಗ್ಬಾರ್ದು ನೋಡು, ಅದಕ್ಕೇ ಐದು ನಿಮಿಷ ಇಲ್ಲಿ ಕೂತು ಹೋಗ್ತೀನಿ."

ನನಗೆ ನಗು ತಡೆಯಲಾಗಲಿಲ್ಲ. ದೇಶದ ಷೇರು ಮಾರುಕಟ್ಟೆಯನ್ನು ಸುಧಾರಿಸಲು ತಂದ ಇಡೀ ವ್ಯವಸ್ಥೆ ಒಬ್ಬ ಮುದುಕನಿಗೆ ಮಗಳ ಮನೆಗೆ ಕಳ್ಳತನದಲ್ಲಿ ಹೋಗಲು ನೆಪವಾಗಿತ್ತು. ಸೋಮವಾರವೇ ಏಕೆ ಎಂದು ಕೇಳಿದೆ. ನಾನೂ ಗೌಡರ ಮನೆಯವಳು ಎಂದು ಅವರಿಗೆ ಗೊತ್ತಿತ್ತು, ಸ್ವಲ್ಪ ಸಂಕೋಚದಿಂದ ನಕ್ಕರು. "ಸೋಮವಾರ ನಿಮ್ಮೋರ ಮನೇಲಿ ಮಾಂಸ ಮಾಡಲ್ವಲ್ಲ ತಾಯಿ. ಮುದ್ದೆ, ಅವರೆಕಾಳಿನ ಸಾರು. ಅಳಿಯ ತಾನೇ ಬಡಿಸ್ತಾನೆ, ಮೂರನೇ ಮುದ್ದೆ ಬೇಡ ಅಂದ್ರೂ ಬುಡಲ್ಲ."

ಅಂದಿನಿಂದ ನಾನು ಈ ಕಳ್ಳತನದ ಪಾಲುದಾರಳಾದೆ. ಮಲ್ಲಿಕಾರ್ಜುನ ಒಮ್ಮೆ ಫೋನ್ ಮಾಡಿ "ನಮ್ಮ ತಂದೆ ಅಲ್ಲಿದ್ದಾರಾ?" ಎಂದಾಗ, "ಒಳಗೆ ಮ್ಯಾನೇಜರ್ ಜೊತೆ ಇದಾರೆ ಸಾರ್, ಸರ್ವರ್ ಸ್ಲೋ ಇದೆ" ಎಂದೆ. ಸರ್ವರ್ ಆ ದಿನ ನಿಜವಾಗಿಯೂ ಸ್ಲೋ ಇತ್ತು. ಅರ್ಧದಷ್ಟಾದರೂ ಸತ್ಯ ಹೇಳಿದ ತೃಪ್ತಿ ನನಗಿದೆ.

ಅಷ್ಟರಲ್ಲಿ ದೊಡ್ಡ ನ್ಯಾಯಾಲಯದ ತೀರ್ಪು ಬಂತು. ನಾಮಿನಿ ಮಾಲೀಕನಲ್ಲ, ಬರೀ ಪಾಲಕ. ಖಾತೆದಾರ ಹೋದಮೇಲೆ ಷೇರು ಅವನ ಕೈಗೆ ಬರುತ್ತದೆ, ಆದರೆ ಅವನು ಅದನ್ನು ವಾರಸುದಾರರಿಗೆಲ್ಲ ಸೇರಬೇಕಾದಂತೆ ಸೇರಿಸಬೇಕು. ರಾಯರು ಆ ದಿನ ಸುತ್ತೋಲೆಯನ್ನು ಕೂತೇ ಓದಿದರು. ಸೆಟ್ ದೋಸೆ ತರಿಸಿದರೂ ಒಂದೇ ತಿಂದರು.

ಪುಟ್ಟಬಸಪ್ಪನವರಿಗೆ ನಾನೇ ವಿವರಿಸಿದೆ. ಅವರು ನಶ್ಯ ಏರಿಸಿ ಕಣ್ಣು ಮುಚ್ಚಿ ಕೇಳಿದರು.

"ಹೊಸ ಖಾತೆಗೋ, ಹಳೇ ಖಾತೆಗೂನೋ?"

"ಹಳೇದಕ್ಕೂ ಯಜಮಾನ್ರೇ. ನಿಮ್ಮ ಷೇರಿಗೆ ಏನೂ ಆಗಿಲ್ಲ, ನೀವು ಬರೆಸಿದ ಹೆಸರಿನ ಅರ್ಥ ಬದಲಾಯ್ತು. ಅವತ್ತು ಮಲ್ಲಣ್ಣನ ಹೆಸರು ಬರೆಸಿದಾಗ ಎಲ್ಲಾ ಅವರಿಗೆ ಅಂದುಕೊಂಡಿದ್ರಿ. ಈಗ ನಿಮ್ಮ ನಂತರ ಅವರಿಗರ್ಧ, ಗಿರಿಜಮ್ಮನಿಗರ್ಧ. ಮಗಳಿಗೂ ಸಮಪಾಲು. ನಿಮ್ಮ ಇಷ್ಟದ ಹಾಗೆ ಆಗಬೇಕು ಅಂದ್ರೆ ಒಂದು ವಿಲ್ ಬರೆಸಿ."

"ಅಂದ್ರೆ ನಾಮಿನಿ ಯಾರಾದ್ರೂ ಪಾಲು ಅಷ್ಟೇ?"

"ಅಷ್ಟೇ. ನಾಮಿನಿ ಬೀಗದ ಕೈ ಇಟ್ಟುಕೊಂಡಿರೋರು. ಉಳಿದೋರು ಅವರ ಹತ್ರ ಬಂದು ಇಸ್ಕೋಬೇಕು."

ಅವರು ಕಣ್ಣು ಬಿಟ್ಟರು. ಗೋಣಿಚೀಲಕ್ಕೆ ಒಳ್ಳೆಯ ಬೆಲೆ ಕುದುರಿದಾಗ ಮಂಡಿಯ ವರ್ತಕರ ಮುಖದಲ್ಲಿ ಕಾಣುವ ಕಳ್ಳ ಕಳೆ ಕಂಡಿತು.

"ಮಲ್ಲಿ ಹೆಸರು ತೆಗಿ. ಗಿರಿಜನ ಹೆಸರು ಬರಿ."

"ಮಲ್ಲಣ್ಣ ನಿಮ್ಮ ಮಾತು ಮೀರದೋರಾದ್ರೆ ಬಾಯಿಬಿಟ್ಟು ಹೇಳಬಹುದಲ್ಲ, ಹೋಗಿ ತಂಗೀನ ಕರ್ಕೊಂಡು ಬಾ ಅಂತ?"

"ಹೇಳಿದೆ. ಸತ್ತೋರು ಬರಲ್ಲ ಅಂದ. ನಾನಿರೋಗಂಟ ಅವನು ಹೋಗಲ್ಲ. ನಾನು ಹೋದ್ಮೇಲಾದ್ರೂ ಹೋಗ್ಲಿ. ವಿಲ್ ಬರೆದ್ರೆ ಪಾಲಾಯ್ತದೆ, ಪಾಲಾದ್ರೆ ಅವರವರ ದಾರಿ ಅವರವರದು. ನಂಗೆ ಪಾಲಾಗೋದು ಬ್ಯಾಡ ಕಣಮ್ಮ, ಅಣ್ಣ ತಂಗಿ ಮುಖ ಮುಖ ನೋಡ್ಬೇಕು. ಪಾಲು ಇಬ್ರಿಗೂ ಇರ್ಲಿ, ಬೀಗದ ಕೈ ಅವಳತ್ರ ಇರ್ಲಿ."

ಹೆಸರು ಬದಲಾದಾಗ ಅವರ ಮೊಬೈಲಿಗೆ ಸಂದೇಶ ಹೋಗುತ್ತದೆ, ಅದನ್ನು ತಡೆಯಲು ನನ್ನಿಂದಾಗದು ಎಂದು ಎಚ್ಚರಿಸಿದ್ದೆ. ಮುಂದಿನ ತಿಂಗಳು ಬಂದವರು ಹೊಟ್ಟೆ ಹಿಡಿದು ನಕ್ಕರು. ಸಂದೇಶ ಬಂತಂತೆ. ಮಲ್ಲಿಕಾರ್ಜುನನೇ ನೋಡಿ, "ಏನೋ ಕಂಪನಿಯೋರ ಕಾಟ" ಎಂದು ಅಳಿಸಿಹಾಕಿದನಂತೆ.

ಪುಟ್ಟಬಸಪ್ಪನವರು ತೀರಿಹೋದದ್ದು ಒಂದು ಆಷಾಢದಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಹಾಗೆಯೇ. ಸೋಮವಾರ ಬಂದು ಚೀಲವಿಲ್ಲದೆ ಹೋಯಿತು. ಕೌಂಟರಿನ ಕೆಳಗೆ ಕಾಲು ಚಾಚಲು ಜಾಗವಾಯಿತು. ನನಗೆ ಆ ಜಾಗ ಬೇಕಿರಲಿಲ್ಲ.

ಕೆಲವು ದಿನಗಳ ನಂತರ ಮಲ್ಲಿಕಾರ್ಜುನ ಬಂದರು. ತಂದೆಯ ಹಾಗೆಯೇ ಅಗಲ ಹಣೆ, ಅದೇ ವಿಭೂತಿ. ಮೆಟ್ಟಿಲ ಮೇಲೆ ಒಂದೇ ಸೀನು ಬಂದಿತ್ತು, ನಾನು ಕೇಳಿಸಿಕೊಂಡಿದ್ದೆ. ಮರಣ ಪ್ರಮಾಣಪತ್ರ ಮೇಜಿನ ಮೇಲಿಟ್ಟು, "ನಾಮಿನಿ ನಾನೇ. ಏನೇನು ಸೈನ್ ಹಾಕ್ಬೇಕು ಹೇಳಿ" ಎಂದರು.

"ಮೊದಲು ನೀವೇ ಇದ್ರಿ ಸಾರ್. ಆಮೇಲೆ ನಿಮ್ಮ ತಂದೆಯವರು ಬದಲಾಯಿಸಿದ್ರು. ಈಗ ಇರೋದು ನಿಮ್ಮ ತಂಗಿ ಗಿರಿಜಾ ಅವರ ಹೆಸರು."

ಅವರು ಪ್ರಮಾಣಪತ್ರವನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ, "ಹಂಗಾದ್ರೆ ಎಲ್ಲಾ ಅವಳಿಗೇನಾ?" ಎಂದರು.

"ಇಲ್ಲ. ಅರ್ಧ ನಿಮ್ಮದು, ಅರ್ಧ ಅವರದು. ಆದರೆ ಮೊದಲು ಅವರು ಅರ್ಜಿ ಹಾಕಿ, ಅವರ ಕೈಗೆ ಬಂದು, ಅವರ ಕೈಯಿಂದ ನಿಮಗೆ ಬರಬೇಕು."

"ತಿಂಗಳು ತಿಂಗಳೂ ಇಡೀ ದಿನ ಇಲ್ಲೇ ಕೂತಿರ್ತಿದ್ರು. ನೀವೇ ಅವರ ತಲೆ ಕೆಡಿಸಿರ್ಬೇಕು."

"ಇಡೀ ದಿನ ಎಲ್ಲಿ ಕೂತಿರ್ತಿದ್ರು ಅಂತ ನಿಮ್ಮ ತಂಗೀನೇ ಕೇಳಿ ಸಾರ್" ಎಂದೆ. ಅವರು ಪ್ರಮಾಣಪತ್ರ ಎತ್ತಿಕೊಂಡು ಹೊರಟುಹೋದರು.

ಮರುವಾರ ಗಿರಿಜಾ ಬಂದಳು. ಅವಳಿಗೆ ನಿಯಮದ ಪ್ರಕಾರ ನಾನೇ ಫೋನ್ ಮಾಡಿ ತಿಳಿಸಿದ್ದೆ. ಸೆರಗಿನಲ್ಲಿ ಮೂಗು ಒತ್ತಿಕೊಂಡು ಬಂದು ಕೂತಳು, ಅದು ಮೆಣಸಿನಕಾಯಿಯ ಘಾಟಿಗಲ್ಲ ಎಂದು ಕೂತಮೇಲೆ ಗೊತ್ತಾಯಿತು. ತಂದೆಯ ಹೆಣ ಅಂಗಡಿ ಮುಂದೆ ಇಟ್ಟಿದ್ದಾಗ ಎದುರು ರಸ್ತೆಯಲ್ಲಿ ನಿಂತಿದ್ದಳಂತೆ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲವಂತೆ.

"ಷೇರು ನಂಗ್ಯಾಕೆ ಮೇಡಂ? ಎಲ್ಲಾ ಅಣ್ಣನಿಗೇ ಇರ್ಲಿ. ಎಲ್ಲಿ ಸೈನ್ ಹಾಕ್ಬೇಕು ತೋರ್ಸಿ, ಹಾಕ್ಬುಡ್ತೀನಿ. ಅವನಿಗೆ ಪೋಸ್ಟಲ್ಲಿ ಕಳಿಸ್ಬುಡಿ."

ಅರ್ಜಿ ನನ್ನ ಕೈಯಲ್ಲೇ ಇತ್ತು. ಚುರುಕಾಗಿ ಕೆಲಸ ಮುಗಿಸಿ ಗಿರಾಕಿಯನ್ನು ಕಳಿಸುವುದು ಒಳ್ಳೆಯ ನೌಕರಳ ಲಕ್ಷಣ. ಅಂದು ನಾನು ಒಳ್ಳೆಯ ನೌಕರಳಾಗಿದ್ದರೆ ಆ ಮುದುಕನ ಹಂಚಿಕೆಯೆಲ್ಲ ಅರ್ಧ ಗಂಟೆಯಲ್ಲಿ ಮಣ್ಣುಪಾಲಾಗುತ್ತಿತ್ತು. ನಾನು ಅರ್ಜಿಯನ್ನು ಡ್ರಾಯರಿಗೆ ಹಾಕಿ ಮುಚ್ಚಿದೆ.

"ನಿಮ್ಮಪ್ಪ ನಿಮಗೆ ಕೊಟ್ಟಿರೋದು ಷೇರಲ್ಲ ಕಣಮ್ಮ. ಅಣ್ಣ ನಿಮ್ಮನೆ ಬಾಗಿಲಿಗೆ ಬರೋದಕ್ಕೆ ಒಂದು ನೆಪ ಕೊಟ್ಟಿದ್ದಾರೆ. ಅದನ್ನು ಪೋಸ್ಟಿಗೆ ಹಾಕಿ ಕಳಿಸ್ತೀರಾ?" ಎಂದು ಅವರು ಆಡಿದ್ದನ್ನೆಲ್ಲ ಹೇಳಿದೆ. ಬೀಗದ ಕೈಯ ಮಾತಿಗೆ ಬಂದಾಗ ಅವಳು ಅಳುತ್ತ ಅಳುತ್ತಲೇ ನಕ್ಕಳು. ನಗುವಾಗ ಥೇಟು ಅಪ್ಪನ ಕಳ್ಳ ಕಳೆ.

"ಸರಿ ಮೇಡಂ. ಅವನೇ ಬರ್ಲಿ. ಬಾಗಿನ ತರ್ಲಿ. ಅಪ್ಪ ಒಂದು ವರ್ಷವೂ ತಪ್ಪಿಸಿರ್ಲಿಲ್ಲ. ಬಂದು ಬಾಗಿನ ಕೊಟ್ಟು, ಒಂದು ತುತ್ತು ತಿಂದು ಹೋದ್ರೆ ಅವನು ಹೇಳಿದ ಕಡೆ ಸೈನ್ ಹಾಕ್ತೀನಿ."

ಆ ಮಾತನ್ನು ನಾನು ಫೋನಿನಲ್ಲಿ ಮುಟ್ಟಿಸಿದರೂ ಆ ವರ್ಷದ ಗೌರಿ ಹಬ್ಬಕ್ಕೆ ಮಲ್ಲಿಕಾರ್ಜುನ ಹೋಗಲಿಲ್ಲ. ವರ್ಷ ತುಂಬದೆ ಹಬ್ಬ ಮಾಡುವುದಿಲ್ಲ ಎಂಬ ನೆಪ ಇತ್ತು. ದೀಪಾವಳಿ ಕಳೆದ ಮೇಲೆ ಒಮ್ಮೆ ಮೆಟ್ಟಿಲು ಹತ್ತಿ ಬಂದು, ಸುತ್ತ ನೋಡಿ, ಮೆಲ್ಲಗೆ ಕೇಳಿದರು. "ಕಾನೂನು ಬದಲಾಗ್ತಾನೇ ಇರುತ್ತಲ್ಲ ಮೇಡಂ. ಮತ್ತೆ ಹಳೇದಕ್ಕೇ ಬಂದು, ಮಗನಿಗೇ ಅಂತ ಆದ್ರೆ?"

"ಆಗಬಹುದು ಸಾರ್. ಹಳೇದಕ್ಕೇ ಬಂದು ನಾಮಿನಿಯೇ ಮಾಲೀಕ ಅಂತಾದ್ರೆ ಆಗ ಎಲ್ಲಾ ಗಿರಿಜಮ್ಮನಿಗೇ. ಕಾಯ್ತೀರಾ?"

ಅವರ ಮುಖ ನೋಡಬೇಕಿತ್ತು. ನಾನು ಮುಂದುವರಿಸಿದೆ, "ಕಾನೂನು ಬರೋದು ಕಾಯೋದಕ್ಕಿಂತ ಹಿನಕಲ್ ಬಸ್ಸು ಬೇಗ ಬರುತ್ತೆ ಸಾರ್." ಅವರು ಸಿಟ್ಟಾಗಲಿಲ್ಲ. ನಮ್ಮ ಕೌಂಟರಿನ ಮುಂದಿನ ಕುರ್ಚಿಯಲ್ಲಿ, ಅಪ್ಪ ಕೂರುತ್ತಿದ್ದ ಅದೇ ಕುರ್ಚಿಯಲ್ಲಿ, ಸ್ವಲ್ಪ ಹೊತ್ತು ಕೂತರು. ನೀರು ಕೇಳಿ ಕುಡಿದರು. "ಹತ್ತು ಜನರ ಮುಂದೆ ಆಡಿದ ಮಾತು ಮೇಡಂ. ಹೆಂಡತಿ ಮನೆಯೋರು ಇವತ್ತಿಗೂ ಅದನ್ನೇ ಹಿಡ್ಕೊಂಡವ್ರೆ" ಎಂದರು. ಅವರೂ ಸುಖವಾಗಿಲ್ಲ ಎಂದು ಆಗ ನನಗೆ ಮೊದಲ ಸಲ ಅನ್ನಿಸಿತು, ಅವರ ಮೇಲಿದ್ದ ನನ್ನ ಕೋಪ ಅರ್ಧ ಇಳಿಯಿತು.

ಮುಂದಿನ ಆಷಾಢದಲ್ಲಿ ವರ್ಷದ ಕಾರ್ಯ ಮುಗಿಯಿತು. ಶ್ರಾವಣ ಕಳೆಯಿತು. ನನ್ನ ನಿವೃತ್ತಿಯೂ ಹತ್ತಿರ ಬಂದಿತ್ತು. ರಾಯರು ಎಂದೋ ನಿವೃತ್ತರಾಗಿದ್ದರು, ಅವರ ಕುರ್ಚಿಯಲ್ಲಿ ಸುತ್ತೋಲೆಗಳನ್ನು ಮೊಬೈಲಿನಲ್ಲೇ ಓದುವ ಹುಡುಗ ಕೂತಿದ್ದ. ನಾನು ಡ್ರಾಯರು ಖಾಲಿ ಮಾಡುವಾಗ ಗಿರಿಜಾಳ ಅರ್ಜಿಯೊಂದನ್ನು ಮಾತ್ರ ಅಲ್ಲೇ ಬಿಟ್ಟಿದ್ದೆ.

ಗೌರಿ ಹಬ್ಬದ ಹಿಂದಿನ ದಿನ ಮೆಟ್ಟಿಲ ಮೇಲೆ ಸೀನಿನ ಸದ್ದು. ಒಂದು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಯಾರೋ ಕೆಳಗಿಳಿದು ಹೋದ ಸದ್ದು. ಮತ್ತೆ ಎರಡನೆಯ ಸೀನು. ಬಾಗಿಲಲ್ಲಿ ಮಲ್ಲಿಕಾರ್ಜುನ ನಿಂತಿದ್ದರು, ಹೆಗಲ ಮೇಲೊಂದು ಗೋಣಿಚೀಲ.

"ಐದು ನಿಮಿಷ ಇಲ್ಲಿಟ್ಟಿರ್ತೀನಿ ಮೇಡಂ" ಎಂದು ಕೌಂಟರಿನ ಕೆಳಗೆ ಇಳಿಸಿದರು. ಒಳಗೆ ಬಳೆಗಳು ಸದ್ದು ಮಾಡಿದವು. ನಾನು ಕೇಳಿಸಿಕೊಳ್ಳದವಳಂತೆ ಕಂಪ್ಯೂಟರ್ ನೋಡುತ್ತ ಕೂತೆ.

ಅವರು ಅಪ್ಪನ ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಿರುವಾಗ ಫೋನು ಬಂತು. ಆ ಕಡೆಯಿಂದ ಹೆಂಗಸಿನ ದನಿ, ಜೋರಾಗಿಯೇ ಇತ್ತು, "ಹಬ್ಬದ ಸಾಮಾನು ತರೋದು ಬಿಟ್ಟು ಎಲ್ಲಿಗೆ ಹೋದ್ರೀ?"

ಮಲ್ಲಿಕಾರ್ಜುನ ನನ್ನ ಮುಖ ನೋಡಿದರು. ಕಿವಿ ಕೆಂಪಾಗಿತ್ತು.

"ಡಿಮ್ಯಾಟ್ ಆಫೀಸಲ್ಲಿದೀನಿ ಕಣೇ" ಎಂದರು.

ನಾನು ಎದ್ದು ನಿಂತು, ಫೋನಿಗೆ ಚೆನ್ನಾಗಿ ಕೇಳಿಸುವಂತೆ ದನಿ ಏರಿಸಿದೆ. "ಸಾರ್, ಸರ್ವರ್ ಸ್ಲೋ ಇದೆ! ಇನ್ನೂ ಬಹಳ ಸೈನ್ ಬಾಕಿ ಇವೆ, ಸಾಯಂಕಾಲ ಆಗುತ್ತೆ!"

ಅವರು ಫೋನು ಕಿಸೆಗೆ ಹಾಕಿಕೊಂಡು ಚೀಲ ಹೆಗಲಿಗೇರಿಸಿದರು. ಬಾಗಿಲ ತನಕ ಹೋದವರು ತಿರುಗಿ ನಿಂತು, ಹಿನಕಲ್ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು. ನಾನು ಕಿಟಕಿಯಿಂದ ತೋರಿಸಿದೆ.